ರಾಶಿಯ ಕಣದಲ್ಲಿ ಮೂರು ಶಾಸ್ತ್ರ

ಕುಲಗೋಡದ ಸೋಮಪ್ಪನ ಮಗ ದುಂಡಪ್ಪ ಬೆಳಗಾವಿಯಲ್ಲಿ ಮೂರು ವಿದ್ಯೆ ಒಟ್ಟಿಗೆ ಕಲಿಯುತ್ತಿದ್ದಾನೆಂಬ ಸುದ್ದಿ ಕುಲಗೋಡಕ್ಕಿಂತ ಮೊದಲು ಗೋಕಾಕದ ಬಸ್ ಸ್ಟ್ಯಾಂಡಿಗೆ ತಿಳಿಯಿತು. ಅದಕ್ಕೆ ಸೋಮಪ್ಪನೇ ಕಾರಣ. ಐವತ್ತೆಂಟನೇ ಇಸವಿ, ಹಿಂಗಾರಿ ಜೋಳ ಕಣಕ್ಕೆ ಬಿದ್ದ ದಿನಗಳು. ಚಹಾದ ಅಂಗಡಿಯ ಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತ ಕೂತಾಗ, ಬಾಜೂ ಕೂತಿದ್ದ ಕೊಣ್ಣೂರಿನವನೊಬ್ಬ ತನ್ನ ತಂಗಿಯ ಮಗ ಕಾಯ್ದೆ ಓದುತ್ತಾನೆ ಎಂದುಬಿಟ್ಟ.

ಸೋಮಪ್ಪನಿಗೆ ಸಿಟ್ಟು ಬಂತು. ಅದೇನು ದೊಡ್ಡ ಮಾತಲ್ಲ. ಬಸ್ಸು ತಡವಾದರೆ ಅವನಿಗೆ ಬಸ್ಸಿನ ಮೇಲೆ ಸಿಟ್ಟು, ಹೊತ್ತಿಗೆ ಸರಿಯಾಗಿ ಬಂದರೆ ಚಹಾ ಅರ್ಧಕ್ಕೇ ಬಿಡಬೇಕಾಯಿತೆಂದು ಚಹಾದವನ ಮೇಲೆ ಸಿಟ್ಟು.

“ಬರೇ ಕಾಯ್ದೆ?” ಎಂದ. “ನಮ್ಮ ದುಂಡ್ಯಾ ಕಾಯ್ದೆ, ಅಪರಾಧಶಾಸ್ತ್ರ, ಮನಃಶಾಸ್ತ್ರ, ಮೂರೂ ಒಮ್ಮೆಕ್ಕ ಓದಾಕತ್ತಾನ.”

“ಮೂರು ಯಾಕ್ರಿ?”

ಯಾಕೆಂದು ಸೋಮಪ್ಪನಿಗೂ ಗೊತ್ತಿರಲಿಲ್ಲ. “ನೇಗಿಲಕ್ಕ ಎತ್ತು ಎರಡು ಯಾಕ ಕಟ್ತೀಯಪಾ ನೀ?”

“ಹಂಗಂದ್ರ ಮೂರನೇದು?”

“ಅದು ಎತ್ತಿನ ಹಿಂದಿಂದ ಬಾರಕೋಲ ಹಿಡಕೊಂಡು ಹೊಡಿಯಾವಾ! ಕೇಳು. ಕಾಯ್ದೆ ಕಲತರ ಕಳ್ಳಗ ಶಿಕ್ಷಾ ಎಷ್ಟು ಅನ್ನೂದು ತಿಳೀತೈತಿ. ಅಪರಾಧಶಾಸ್ತ್ರ ಕಲತರ ಮಾರಿ ನೋಡಿದ ಕೂಡಲೆ ಕಳ್ಳ ಯಾರು ಅನ್ನೂದು ತಿಳೀತೈತಿ. ಮನಃಶಾಸ್ತ್ರ ಕಲತರ ಅಂವ ನಾಳೆ ಏನ ಕದೀತಾನ ಅನ್ನೂದು ಇವತ್ತ ತಿಳೀತೈತಿ.”

ಕೊಣ್ಣೂರಿನವನು ಚಹಾ ಅಲ್ಲಿಗೇ ಬಿಟ್ಟು ಎದ್ದು ಆಚೆ ಹೋಗಿ ನಿಂತ. ಬಸ್ಸಿನಲ್ಲಿ ಸೋಮಪ್ಪ ಇದೇ ಮಾತನ್ನು ಕಂಡಕ್ಟರನಿಗೂ ಹೇಳಿದ, ಕಂಡಕ್ಟರ ಎಲ್ಲರಿಗೂ ಹೇಳಿದ. ಮರುದಿನ ದುಂಡಪ್ಪ ಟ್ರಂಕು ಹೊತ್ತು ಊರಿಗಿಳಿದಾಗ ಬಾವಿಕಟ್ಟೆಯ ಹೆಂಗಸರು ಸೆರಗು ಮುಖದ ಮೇಲೆ ಎಳೆದುಕೊಂಡು ಬಾವಿಯ ಕಡೆ ತಿರುಗಿ ನಿಂತರು. ಮನಸ್ಸಿನಲ್ಲಿರುವುದು ಹಣೆಯ ಮೇಲಿಂದ ಓದಲಿಕ್ಕೆ ಬರುತ್ತದಂತೆ ಎಂದು ಯಾರೋ ಹೇಳಿದ್ದರು. ಬಾಜೂ ಹೊಲದ ಖಂಡೆಪ್ಪ ಅದೇ ಸಂಜೆ ತನ್ನಷ್ಟಕ್ಕೆ ತಾನೇ ಬಾಂದಗಲ್ಲು ಕಿತ್ತು ಎರಡು ಮೊಳ ಹಿಂದಕ್ಕೆ ನೆಟ್ಟ. ಕಲ್ಲು ಮೊದಲು ಮುಂದೆ ಸರಿದಿತ್ತೆಂಬುದೇ ಸೋಮಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಎರಡು ದಿನ ಖಂಡೆಪ್ಪನ ಮನೆಯ ಕಡೆ ಮುಖ ಮಾಡಿ ಬೈದ. ಬೈಯುವಾಗಲೂ ಒಳಗೊಳಗೆ ಮಗನ ಮೇಲೆ ಅಭಿಮಾನ.

ಅಭಿಮಾನ ಗಡಿಯಾರ ಕಳೆಯುವ ತನಕ ಬಾಳಿತು.

ಅದು ಕೈಗಡಿಯಾರ. ಹುಕ್ಕೇರಿಯ ಸೋದರಮಾವ ಗುರುಲಿಂಗಪ್ಪ ಕೊಡಿಸಿದ್ದು. ಗುರುಲಿಂಗಪ್ಪ ಹುಕ್ಕೇರಿಯ ಕಚೇರಿಯ ಪಡಸಾಲೆಯಲ್ಲಿ ಕೂತು ಮಂದಿಗೆ ಅರ್ಜಿ ಬರೆದುಕೊಡುವವ. ನ್ಯಾಯಾಧೀಶರು ಒಳಗೆ ಕೂಡುತ್ತಾರೆ, ತಾನು ಹೊರಗೆ ಕೂಡುತ್ತೇನೆ, ನಡುವೆ ಒಂದು ಗೋಡೆ ಅಷ್ಟೇ ಎಂದು ತಿಳಿದವ. ರಾಶಿಗೆಂದು ಅಕ್ಕನ ಮನೆಗೆ ಬಂದಿದ್ದ. ಅವನೆದುರು ದುಂಡಪ್ಪ ದಿನಕ್ಕೆ ಇಪ್ಪತ್ತು ಸಲ ಮಣಿಕಟ್ಟು ಎತ್ತಿ ನೋಡಿ ಹೊತ್ತು ಹೇಳುತ್ತಿದ್ದ. ತೂರುವ ದಿನ ಗಾಳಿ ಚೆನ್ನಾಗಿ ಬಿಟ್ಟಿತ್ತು. ಓದಿದವರಿಗೂ ತೂರಲಿಕ್ಕೆ ಬರುತ್ತದೆಂದು ತೋರಿಸಲು ದುಂಡಪ್ಪ ಮೂರು ಕಾಲಿನ ತೂರುವ ಮೆಟ್ಟು ಹತ್ತಿ, ಬುಟ್ಟಿ ಎತ್ತಿ, ಒಂದು ಬುಟ್ಟಿ ಜೋಳ ತೂರಿ, ಕಣ್ಣಿಗೆ ಹೊಟ್ಟು ತುಂಬಿಕೊಂಡು ಇಳಿದ. ಸಂಜೆ ಹೊತ್ತೆಷ್ಟೆಂದು ಮಾವ ಕೇಳಿದಾಗ ಮಣಿಕಟ್ಟಿನಲ್ಲಿ ಪಟ್ಟಿಯ ಬಿಳಿ ಗುರುತು ಮಾತ್ರ ಇತ್ತು.

“ಕಳವು!” ಎಂದ ದುಂಡಪ್ಪ.

“ಎಲ್ಲೆರೆ ಬಿದ್ದಿರಬೇಕು, ಹುಡುಕೋ,” ಎಂದಳು ತಾಯಿ ಪಾರವ್ವ.

“ಅವ್ವಾ, ಹುಡುಕೂದು ಅಡ್ಡಾಡೂ ಮಂದಿ ಮಾಡೂ ಕೆಲಸ. ನಾ ತನಿಖೆ ಮಾಡ್ತೀನಿ.”

ಟ್ರಂಕಿನಿಂದ ಮೂರು ಪುಸ್ತಕ ಹೊರಗೆ ಬಂದವು. ಮೊದಲು ಅವನು ದೇವರ ಗೂಡಿನ ವಿಭೂತಿ ಗಟ್ಟಿ ಪುಡಿಮಾಡಿ ಮನೆಯ ಎಲ್ಲ ತಾಮ್ರದ ಕೊಡಗಳ ಮೇಲೆ ಊದಿ ಬೆರಳ ಗುರುತು ನೋಡಿದ. ಎಲ್ಲ ಕೊಡದ ಮೇಲೂ ಪಾರವ್ವನದೇ ಬೆರಳು. ದೇವರ ವಿಭೂತಿ ಹಾಳು ಮಾಡಿದ್ದಕ್ಕೆ ಅದೇ ಬೆರಳುಗಳು ಅವನ ಬೆನ್ನ ಮೇಲೂ ಗುರುತಾಗಿ ಮೂಡಿದವು.

ಆಮೇಲೆ ಕಣಕ್ಕೆ ನಡೆದ. ಕಣದಲ್ಲಿ ಉದ್ದಪ್ಪ ರಾಶಿಯ ಸುತ್ತ ಕಸ ಗುಡಿಸುತ್ತಿದ್ದ. ಕೇರಿಯ ಉದ್ದಪ್ಪ ಇಪ್ಪತ್ತೆರಡು ವರ್ಷದಿಂದ ಸೋಮಪ್ಪನ ಹೊಲದಲ್ಲಿ ದುಡಿಯುವವ. ಅವನಪ್ಪನೂ ಅಲ್ಲೇ ದುಡಿದವ. ರಾಶಿ ಅಳೆಯುವ ಹಕ್ಕು ಅವರ ಮನೆತನದ್ದು. ಉದ್ದಪ್ಪ ಕೊಳಗ ಹಿಡಿಯದೆ ಆ ಕಣದ ಒಂದು ಕಾಳೂ ಮನೆ ಸೇರುತ್ತಿರಲಿಲ್ಲ.

“ಉದ್ದಪ್ಪ, ಕುಂದರ. ನಾ ಒಂದು ಶಬ್ದ ಹೇಳ್ತೀನಿ. ಕೇಳಿದ ಕೂಡಲೆ ನಿನ್ನ ಮನಸ್ಸಿನ್ಯಾಗ ಏನ ಬರತೈತಿ ಅದನ್ನ ಹೇಳಬೇಕು. ಮಳಿ.”

“ಸೋರತೈತ್ರಿ.”

“ಏನ ಸೋರತೈತಿ?”

“ನಮ್ಮನಿರೀ. ನಿಮ್ಮಪ್ಪಾರಿಗೆ ನಾಕು ತೊಲಿ ಕೇಳಿದ್ದೆ, ಕೊಡ್ತೀನಂದು ಮೂರು ವರ್ಷ ಆತು.”

“ಅಷ್ಟುದ್ದ ಹೇಳಬಾರದು. ಪೊಲೀಸ.”

“ಬ್ಯಾಡ್ರಿ.”

“ಗಡಿಯಾರ.”

ಉದ್ದಪ್ಪ ಯೋಚಿಸಿದ. ಅವನ ಮನಸ್ಸಿನಲ್ಲಿ ಏನೂ ಬರಲಿಲ್ಲ. ಗಡಿಯಾರ ಅವನ ಬದುಕಿನಲ್ಲಿ ಎಲ್ಲಿಯೂ ಬಂದಿರಲಿಲ್ಲ. ದುಂಡಪ್ಪ ತಡವಾದದ್ದನ್ನು ಸೆಕೆಂಡಿನಲ್ಲಿ ಎಣಿಸಬೇಕಿತ್ತು. ಗಡಿಯಾರವಿರಲಿಲ್ಲವಾದ್ದರಿಂದ ತನ್ನ ನಾಡಿ ತಾನೇ ಹಿಡಿದು ಎಣಿಸಿದ. ಆಮೇಲೆ ಪಾರವ್ವನ ಹೊಲಿಗೆಯ ದಾರದಿಂದ ಉದ್ದಪ್ಪನ ತಲೆ ಅಳೆದ, ಕಿವಿ ಅಳೆದ.

“ಕಿವಿ ಹೊರಗ ಚಾಚ್ಯಾವು. ಹುಬ್ಬು ಕೂಡ್ಯಾವು,” ಎಂದು ಬರೆದುಕೊಂಡ.

“ಈ ಕಿವಿ ನಮ್ಮಪ್ಪಂದ್ರಿ, ಸಣ್ಣ ಸಾವಕಾರ್ರ. ಅದಕ್ಕ ಏನಾರ ಆಗೈತೇನ್ರಿ?”

ದುಂಡಪ್ಪ ದಾರ ಸುತ್ತಿಕೊಂಡು ಎದ್ದ. ಮನೆಗೆ ಬಂದು ಅಪ್ಪನನ್ನೂ ಕೂಡಿಸಿದ. ತನಿಖೆಯಲ್ಲಿ ಯಾರನ್ನೂ ಬಿಡಬಾರದೆಂದು ಪುಸ್ತಕದಲ್ಲಿತ್ತು.

“ಅಪ್ಪಾ, ಗಡಿಯಾರ.”

“ಸುಡಗಾಡು!”

“ಕಳವು.”

“ಸುಡಗಾಡು!”

“ಮಗ.”

“ಎದ್ದ್ ಹೋಗಲೇ!”

ಹೀಗೆ ಮೂರು ಶಾಸ್ತ್ರಗಳೂ ತಮ್ಮ ತಮ್ಮ ತೀರ್ಪು ಕೊಟ್ಟವು. ಅಪರಾಧಶಾಸ್ತ್ರದ ಪ್ರಕಾರ ಕಳ್ಳ ಉದ್ದಪ್ಪ, ಯಾಕೆಂದರೆ ಕಿವಿ. ಮನಃಶಾಸ್ತ್ರದ ಪ್ರಕಾರ ಕಳ್ಳ ಸೋಮಪ್ಪ, ಯಾಕೆಂದರೆ ಕಾರಣವಿಲ್ಲದ ಸಿಟ್ಟು ಏನನ್ನೋ ಮುಚ್ಚಿಡುವವನ ಲಕ್ಷಣ. ಕಾಯ್ದೆಯ ಪ್ರಕಾರ ಸಾಕ್ಷಿ ಸಿಗುವ ತನಕ ಯಾರೂ ಕಳ್ಳರಲ್ಲ. ದುಂಡಪ್ಪ ದಾರಿ ತಿಳಿಯದೆ ಮಾವನನ್ನು ಕೇಳಿದ. ಗುರುಲಿಂಗಪ್ಪ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಹಾಕಿ, “ಅಪ್ಪನ ಮ್ಯಾಲ ಫಿರ್ಯಾದಿ ಬರದರ ಊಟಕ್ಕ ಎಲ್ಲಿಗೆ ಹೋಗ್ತೀ?” ಎಂದ. ಅಷ್ಟಕ್ಕೆ ದುಂಡಪ್ಪ ಉದ್ದಪ್ಪನ ಮೇಲೆ ನಾಲ್ಕು ಪುಟದ ಫಿರ್ಯಾದಿ ಬರೆದ.

ಅದನ್ನು ದುಂಡಪ್ಪ ಚಾವಡಿಯ ಕಟ್ಟೆಯ ಮೇಲೆ ನಿಂತು ಓದಿದ. ಗಡಿಯಾರದ ಒಡೆತನ ಮನೆಯ ಯಜಮಾನನದಾದ್ದರಿಂದ ಸಹಿ ಸೋಮಪ್ಪನದೇ ಬೇಕಿತ್ತು. ಊರು ನೆರೆದಿತ್ತು. ಒಂದೊಂದು ವಾಕ್ಯ ಹೊಲದ ಈ ಬದುವಿನಿಂದ ಆ ಬದುವಿನ ತನಕ ಇತ್ತು. ‘ಕುಲಗೋಡ ಗ್ರಾಮದ ಪ್ರತಿಷ್ಠಿತ ರೈತರಾದ ಶ್ರೀಯುತ ಸೋಮಪ್ಪನವರು’ ಎಂಬಲ್ಲಿಗೆ ಬಂದಾಗ ಸೋಮಪ್ಪ ಎದೆ ಉಬ್ಬಿಸಿ ಖಂಡೆಪ್ಪನ ಕಡೆ ನೋಡಿದ. ಆಮೇಲಿನದು ಒಂದಕ್ಷರವೂ ಅವನ ಕಿವಿಗೆ ಬೀಳಲಿಲ್ಲ. ಕಾಗದ ಮುಂದೆ ಬಂದಾಗ, ಶಾಲೆಯಲ್ಲಿ ಕಲಿತ ಮೂರೂ ಅಕ್ಷರ ಬಿಡದಂತೆ ಜೋರಾಗಿ ಒತ್ತಿ ಸಹಿ ಹಾಕಿದ. ಫಿರ್ಯಾದಿ ಅಂದೇ ಬಸ್ಸಿನಲ್ಲಿ ಠಾಣೆಗೆ ಹೋಯಿತು.

ಮಾರನೆಯ ದಿನ ರಾಶಿ.

ರಾಶಿ ಅಳೆಯುವಾಗ ಆ ಕಣದಲ್ಲಿ ಯಾರೂ ಮಾತಾಡಬಾರದು. ಕಾಲಲ್ಲಿ ಚಪ್ಪಲಿ ಇರಬಾರದು. ಕಾಳಿನ ಗುಡ್ಡದ ಸುತ್ತ ವಿಭೂತಿಯ ಗೆರೆ, ತುದಿಗೆ ಸೆಗಣಿಯ ಬೆನಕ, ಬೆನಕನ ನೆತ್ತಿಗೆ ಗರಿಕೆ. ಬಾಯಿ ತೆರೆಯುವ ಅಧಿಕಾರ ಅಳೆಯುವವನಿಗೆ ಮಾತ್ರ, ಅದೂ ಲೆಕ್ಕ ಹೇಳಲಿಕ್ಕೆ. ನಡುವೆ ಮಾತು ಬಂದರೆ ರಾಶಿಯ ಹುಲುಸು ಹಾರಿಹೋಗುತ್ತದೆ. ಸೋಮಪ್ಪನ ಅಜ್ಜನ ಕಾಲದಿಂದ ಆ ಕಣದಲ್ಲಿ ಅಳತೆಯ ನಡುವೆ ಒಬ್ಬರೂ ಮಾತಾಡಿದ್ದಿಲ್ಲ. ಒಂದು ವರ್ಷ ಸೋಮಪ್ಪನ ಅಪ್ಪನಿಗೆ ಚೇಳು ಕಡಿದಿತ್ತು. ಅವನು ಕೊನೆಯ ಕೊಳಗ ಮುಗಿಯುವ ತನಕ ಪಂಚೆ ಕಚ್ಚಿ ಕೂತಿದ್ದನಂತೆ.

ಪೂಜೆಯಾಯಿತು. ಉದ್ದಪ್ಪ ಕೊಳಗ ಹಿಡಿದು ಕೂತ. ಸೋಮಪ್ಪ ಎರಡೂ ಕೈಯಿಂದ ಕಾಳು ಎಳೆದೆಳೆದು ತುಂಬಿಕೊಟ್ಟ.

“ಲಾಭ,” ಎಂದ ಉದ್ದಪ್ಪ, ಮೊದಲ ಕೊಳಗಕ್ಕೆ. ಒಂದು ಎಂದು ಯಾರೂ ಅನ್ನುವುದಿಲ್ಲ. “ಎರಡು. ಮೂರು.”

ಆರನೇ ಕೊಳಗಕ್ಕೆ ಸೈಕಲ್ಲಿನ ಗಂಟೆ ಕೇಳಿಸಿತು. ಹವಾಲ್ದಾರ ಭೀಮರಾಯ ಬಂದ. ಅವನು ಗಿರಣಿಯ ಚಾಳಿನಲ್ಲಿ ಹುಟ್ಟಿ, ಪಾಳಿಯ ಭೊಂಗಾ ಕೂಗುವುದನ್ನು ಕೇಳುತ್ತ ಬೆಳೆದು, ಜೋಳ ಎಂಬುದು ಅಂಗಡಿಯ ಚೀಲದಲ್ಲಿ ಹುಟ್ಟುತ್ತದೆಂದು ತಿಳಿದವ. ಬೂಟುಗಾಲಿನಲ್ಲೇ ವಿಭೂತಿಯ ಗೆರೆ ದಾಟಿ ಬಂದ. ಕಣದ ಮಂದಿಯೆಲ್ಲ ಒಮ್ಮೆಗೇ ಉಸಿರು ಎಳೆದುಕೊಂಡರು. ಯಾರೂ ಬಿಡಲಿಲ್ಲ.

“ಸೋಮಪ್ಪ ಅನ್ನಾವ ಯಾರು?”

ಸೋಮಪ್ಪನ ಕಣ್ಣು ಬೂಟಿನ ಮೇಲೆ. ಮುಖ ಕೆಂಪಗಾಯಿತು, ಆಮೇಲೆ ನೇರಳೆಯಾಯಿತು.

“ಏನ್ರೋ, ಎಲ್ಲಾರೂ ಮೂಕರದೀರೇನು? ಹೂಂ. ಕಳ್ಳರ ಊರು.” ಹವಾಲ್ದಾರ ಕಾಗದ ತೆಗೆದು, ಕಿವಿಗಳ ವರ್ಣನೆ ಓದಿ, ಕಣದ ಕಿವಿಗಳನ್ನೆಲ್ಲ ನೋಡುತ್ತ ಬಂದು ಉದ್ದಪ್ಪನೆದುರು ನಿಂತ. “ಇಂವನ. ಏ, ಖರೆ ಹೇಳು. ಎಷ್ಟು ಮಂದಿ ಕೂಡಿ ಕದ್ದೀರಿ?”

ಉದ್ದಪ್ಪ ಕೊಳಗ ಬಗ್ಗಿಸಿದ. “ಏಳು.”

ಹವಾಲ್ದಾರ ದಂಗಾದ. ಇಷ್ಟು ಸಲೀಸಾಗಿ ಕಬೂಲು ಮಾಡುವವರನ್ನು ಅವನು ಕಂಡಿದ್ದಿಲ್ಲ. ಪೆನ್ಸಿಲ್ಲಿಗೆ ಉಗುಳು ಹಚ್ಚಿ ಬರೆದುಕೊಂಡ. “ಇದಕ್ಕಿಂತ ಮೊದಲ ಎಷ್ಟು ಕಳವು ಮಾಡೀದಿ?”

“ಎಂಟು.”

“ಎಷ್ಟು ವರ್ಷದಾವ ಇದ್ದಾಗಿಂದ?”

“ಒಂಬತ್ತು.”

ಗುರುಲಿಂಗಪ್ಪ ದೂರದಿಂದ ಎರಡೂ ಕೈ ಬೀಸಿ, ಬಾಯಿ ಮೇಲೆ ಬೆರಳಿಟ್ಟು, ರಾಶಿ ತೋರಿಸಿ, ಆಕಾಶ ತೋರಿಸಿ ತಿಳಿಸಲು ನೋಡಿದ. ಹವಾಲ್ದಾರ ಅವನನ್ನು ಏಳು ಮಂದಿಯಲ್ಲಿ ಒಬ್ಬನೆಂದು ಬರೆದುಕೊಂಡ. ದುಂಡಪ್ಪ ಬಾಯಿ ತೆರೆದ. ಪಾರವ್ವ ಪೂಜೆಯ ತಾಟಿನಿಂದ ಬೆಲ್ಲದ ಹೆಂಟೆ ಎತ್ತಿ ಆ ಬಾಯಿಗೆ ತುರುಕಿ, ಮೇಲೆ ಅಂಗೈ ಒತ್ತಿ ಹಿಡಿದಳು.

“ಮಾಲು ಎಲ್ಲಿಟ್ಟೀದಿ?” ಎಂದ ಹವಾಲ್ದಾರ.

“ಹತ್ತು.”

ಅಷ್ಟರಲ್ಲಿ ರಾಶಿಯೊಳಗೆ ಹೋದ ಸೋಮಪ್ಪನ ಕೈಗೆ ಏನೋ ತಣ್ಣಗೆ ತಾಕಿತು. ಬೆರಳಲ್ಲಿ ಹಿಡಿದು ನೋಡಿದ. ಗುಂಡಗೆ ಇತ್ತು. ಪಟ್ಟಿ ಇತ್ತು. ಒಳಗೆ ಇನ್ನೂ ಟಿಕ್‌ಟಿಕ್ ಅನ್ನುತ್ತಿತ್ತು.

ತೂರುವಾಗ ಕೈಯಿಂದ ಜಾರಿ ಕಾಳಿನ ಸಂಗಡ ಬಿದ್ದ ಗಡಿಯಾರ. ಸೋಮಪ್ಪನಿಗೆ ಬಂದ ಸಿಟ್ಟಿಗೆ ಹೆಸರಿಲ್ಲ. ಮಗನ ತಲೆಯ ಮೇಲೆ ಅಷ್ಟೂ ರಾಶಿ ಸುರಿಯಬೇಕೆನಿಸಿತು. ಆದರೆ ಬಾಯಿ ತೆರೆಯುವಂತಿಲ್ಲ. ಹಲ್ಲು ಕಚ್ಚಿ ಗಡಿಯಾರವನ್ನು ಎತ್ತಿ ಹವಾಲ್ದಾರನ ಮೂಗಿನ ತನಕ ಹಿಡಿದ. ಇಗೋ, ಸಿಕ್ಕಿತು, ಸೈಕಲ್ಲು ಹತ್ತು ಎಂಬುದು ಅವನ ಕಣ್ಣಿನ ಅರ್ಥ.

ಹವಾಲ್ದಾರನ ಮುಖ ಅರಳಿತು. “ಸಿಕ್ತು ಮಾಲು! ಕಳ್ಳನ ಕೊಳಗದ ಬುಡದಾಗ! ನಡಿ, ಏಳು.” ಉದ್ದಪ್ಪನ ರಟ್ಟೆಗೆ ಕೈ ಹಾಕಿ ಎಳೆದ.

ಉದ್ದಪ್ಪ ಕೊಳಗ ಬಿಡಲಿಲ್ಲ, ತುಂಬಿದ್ದನ್ನು ಬಗ್ಗಿಸಿದ. ಅರ್ಧ ಎದ್ದು, ಅರ್ಧ ಕೂತು, ಸೋಮಪ್ಪನ ಕಡೆ ನೋಡಿದ. “ಹನ್ನೊಂದು,” ಎಂದ.

ಕೊಳಗ ಈಗ ಖಾಲಿ ಇತ್ತು. ತುಂಬಬೇಕಾದ ಸೋಮಪ್ಪನ ಕೈ ಗಾಳಿಯಲ್ಲಿತ್ತು. ಇಡೀ ಕಣ ಸೋಮಪ್ಪನನ್ನು ನೋಡುತ್ತಿತ್ತು. ಅಜ್ಜ, ಅಪ್ಪ, ಚೇಳು, ಎಲ್ಲರೂ ನೋಡುತ್ತಿದ್ದಂತೆ ಅವನಿಗೆ ಕಂಡಿತು. ಉದ್ದಪ್ಪನ ಅಂಗಿಯ ತೋಳು ಹವಾಲ್ದಾರನ ಮುಷ್ಟಿಯಲ್ಲಿ ಪರ್‍ರೆಂದು ಹರಿಯಿತು.

“ಬಿಡಲೇ ಅವನ್ನ!”

ಬಾವಿಕಟ್ಟೆಯ ತನಕ ಕೇಳಿಸಿತಂತೆ. ಎತ್ತುಗಳು ಹಗ್ಗ ಹರಿದುಕೊಂಡವು. ಒಮ್ಮೆ ತೆರೆದ ಬಾಯಿ ಮುಚ್ಚಲಿಲ್ಲ. “ಬೂಟು ಹಾಕ್ಕೊಂಡು ರಾಶಿ ತುಳೀತೀ? ಯಾವ ಹೊಟ್ಟಿ ತುಂಬಾಕ ಬಂದೀದಿ, ಅದಕ್ಕ ಹಾಕೂ ಕಾಳಪಾ ಇದು! ಗಡಿಯಾರ ಈ ಬಾಡ್ಯಾನ ಕೈಯಿಂದ ಉದರಿದ್ದು! ಉದ್ದಪ್ಪ ಕಳ್ಳ ಅಂತ ಯಾವ ಹಲ್ಕಟ್ ನಾಲಿಗಿ ಅಂತು, ತೋರಸು! ಕಿತ್ತು ಬೆನಕನ ಮುಂದ ಇಡ್ತೀನಿ!”

ಹವಾಲ್ದಾರನಿಗೂ ಸಿಟ್ಟು ಬಂದಿತ್ತು. ಏಳು ಮಂದಿಯ ಗುಂಪು, ಎಂಟು ಹಳೆಯ ಕಳವು, ಎಲ್ಲ ಕೈಬಿಟ್ಟು ಹೋಗುವ ಹಾಗೆ ಕಾಣುತ್ತಿತ್ತು. ಕಾಗದವನ್ನು ಸೋಮಪ್ಪನ ಮುಖಕ್ಕೆ ಹಿಡಿದ. “ನಾಲಿಗಿ ಅಲ್ಲ, ಕೈ. ಇದು ಯಾರ ಸಹಿ?”

ಮೂರು ಅಕ್ಷರ. ಜೋರಾಗಿ ಒತ್ತಿ ಬರೆದದ್ದು. ಹಿಂಬದಿಗೂ ಮೂಡಿದ್ದವು.

“ಸುಳ್ಳು ಫಿರ್ಯಾದಿ ಕೊಟ್ಟರ ಕೊಟ್ಟಾವನ್ನ ಒಳಗ ಹಾಕೂ ಕಲಮು ಐತಿ, ಗೊತ್ತೈತಿಲ್ಲ? ನೂರಾ...” ಹವಾಲ್ದಾರನಿಗೆ ನೆನಪಾಗಲಿಲ್ಲ.

“ನೂರಾ ಎಂಬತ್ತೆರಡು,” ಎಂದ ದುಂಡಪ್ಪ, ಬೆಲ್ಲ ನುಂಗಿ. ಕಾಯ್ದೆಯಲ್ಲಿ ಅವನು ನಿಜಕ್ಕೂ ಹುಷಾರು.

ಪಾರವ್ವ ಅವನಿಗೆ ಕಪಾಳಕ್ಕೆ ಬಾರಿಸಿದಳು. ಗುರುಲಿಂಗಪ್ಪ ಓಡಿ ಬಂದು, ತಾನೂ ಕಚೇರಿಯ ಮನುಷ್ಯನೆಂದು ಹೇಳಿ, ಗಡಿಯಾರ ಸಿಕ್ಕಿತು, ಫಿರ್ಯಾದಿ ಹಿಂದಕ್ಕೆ ತೆಗೆದುಕೊಂಡೆವು ಎಂದು ಅಲ್ಲೇ ಬರೆದುಕೊಟ್ಟ. ಹವಾಲ್ದಾರ ಸೈಕಲ್ಲು ಹತ್ತುವ ತನಕ ಬೈದ. ಅವನು ಹೋದ ಮೇಲೆ ಕಣದವರು ಬೈಯತೊಡಗಿದರು. ಇಷ್ಟು ಹೊತ್ತು ಹಿಡಿದ ಮಾತು ಒಮ್ಮೆಗೇ ಹೊರಬಿತ್ತು. ಹುಲುಸು ಹೋಯಿತೆಂದು ಪಾರವ್ವ ಗಂಡನನ್ನು ಬೈದಳು, ಗಂಡ ಮಗನನ್ನು ಬೈದ, ಮಗ ಪುಸ್ತಕದ ಮೇಲೆ ಹಾಕಿದ. ಬಾಂದಗಲ್ಲು ಸುಮ್ಮನೆ ಹಿಂದಕ್ಕೆ ಹಾಕಿದೆನಲ್ಲ ಎಂದು ಖಂಡೆಪ್ಪ ತನ್ನನ್ನು ತಾನೇ ಬೈದುಕೊಂಡ.

ಉದ್ದಪ್ಪ ಕೊಳಗವನ್ನು ಬೋರಲು ಹಾಕಿ ಎದ್ದು ನಿಂತ.

“ಏ ಉದ್ದಪ್ಪ, ಕುಂದರಪಾ. ಆದದ್ದು ಆತು. ಹನ್ನೊಂದಕ್ಕ ನಿಂತೈತಿ,” ಎಂದ ಸೋಮಪ್ಪ.

“ಕಳ್ಳನ ಕೈಲೆ ಅಳಿಸಬ್ಯಾಡ್ರಿ, ಸಾವಕಾರ್ರ.”

“ಯಾರ ಅಂದ್ರು ಕಳ್ಳ ಅಂತ?”

“ನಿಮ್ಮ ಕಾಗದ ಅಂತು. ಚಾವಡ್ಯಾಗ ಊರ ಮುಂದ ಓದೀರಂತ. ನಮ್ಮ ಕೇರಿಗೆ ನಿನ್ನೆನ ಸುದ್ದಿ ಮುಟ್ಟೈತಿ. ನಮ್ಮ ಮನಿಯಾಕಿ ರಾಯವ್ವ ಅಂದ್ಲು, ಹೋಗಬ್ಯಾಡ ರಾಶಿಗೆ ಅಂತ. ನಾನ ಅಂದೆ, ಸಾವಕಾರ್ರಿಗೆ ಗೊತ್ತಿರಾಕಿಲ್ಲ, ಅಳೀದಿದ್ರ ಅವರ ಕಾಳು ಕಣದಾಗ ಉಳೀತೈತಿ ಅಂತ.” ಅವನ ದನಿ ಏರಲಿಲ್ಲ. “ನಮ್ಮಪ್ಪನ ಕಿವಿನೂ ಹಿಂಗ ಇದ್ದುವ್ರಿ. ಅಂವಾ ಈ ಕಣದಾಗ ನಲವತ್ತು ರಾಶಿ ಅಳದಾನ.”

“ಈಗ ಏನ ಮಾಡಬೇಕಂತೀ?” ಎಂದು ಸೋಮಪ್ಪ ಗುಡುಗಿದ.

“ಅಳದ ಕಾಳಿನ್ಯಾಗ ನಮ್ಮ ಪಾಲು ಚೀಲಕ್ಕ ಹಾಕ್ರಿ. ಕಾಗದ ಬರದವ್ರು ತಲಿ ಮ್ಯಾಲ ಹೊತ್ತು ನಮ್ಮ ಮನೀಗೆ ಮುಟ್ಟಿಸ್ಲಿ. ಊರಾಗಿಂದ ಹೋಗ್ಲಿ, ಹಿತ್ತಲದಾಗಿಂದ ಬ್ಯಾಡ. ರಾಯವ್ವ ಇಳಿಸ್ಕೊಂಡ್ಲಂದ್ರ ಹನ್ನೆರಡು ಅಂತೀನಿ.”

ಗುರುಲಿಂಗಪ್ಪ ಇದಕ್ಕೆ ಕಾಯ್ದೆಯಲ್ಲಿ ಆಧಾರವಿಲ್ಲವೆಂದ. ಸೋಮಪ್ಪ ಅವನನ್ನು ನೋಡಿದ. ಗುರುಲಿಂಗಪ್ಪ ಎಲೆಯಡಿಕೆ ಉಗುಳಲು ಹೊರಟುಹೋದ.

ಚೀಲ ದುಂಡಪ್ಪನ ತಲೆ ಏರಿತು. ಇಸ್ತ್ರಿಯ ಅಂಗಿ, ನುಣ್ಣಗೆ ಬಾಚಿದ ಕ್ರಾಪು, ಅದರ ಮೇಲೆ ಜೋಳದ ಚೀಲ. ಚಾವಡಿಯ ಮುಂದೆ, ಬಾವಿಕಟ್ಟೆಯ ಮುಂದೆ ಹಾದುಹೋದ. ಹೆಂಗಸರು ಈಗ ಸೆರಗು ಸರಿಸಿ ಚೆನ್ನಾಗಿ ನೋಡಿದರು. “ಇವ್ವಾ, ಇದು ಮೂರರಾಗ ಯಾವ ಶಾಸ್ತ್ರ?” ಎಂದಳೊಬ್ಬಳು. ಹಿಂದೆ ಸೋಮಪ್ಪ, ಮಗ ನಿಧಾನ ಮಾಡಿದರೂ ಬೈಯುತ್ತ, ಬೇಗ ನಡೆದರೂ ಬೈಯುತ್ತ. ಅವರ ಹಿಂದೆ ಉದ್ದಪ್ಪ, ಹರಿದ ತೋಳಿನಲ್ಲಿ. ಉದ್ದಪ್ಪನ ಹಿಂದೆ ಅರ್ಧ ಊರು.

ರಾಯವ್ವ ಬಾಗಿಲಲ್ಲೇ ನಿಂತಿದ್ದಳು. ದುಂಡಪ್ಪ ಅಂಗಳದಲ್ಲಿ ಚೀಲ ಇಳಿಸಲು ಬಗ್ಗಿದ.

“ಅಲ್ಲಿ ಬ್ಯಾಡ,” ಎಂದಳು ರಾಯವ್ವ. “ಹೊರಗ ಇಟ್ಟು ಹೋದರ ಊರು ಏನಂತೈತಿ? ಕಳ್ಳಗ ದೂರಿಂದ ಕಾಳು ಒಗದು ಹೋದರು ಅಂತೈತಿ. ಒಳಗ ತಂದು ಇಳಸು.”

ದುಂಡಪ್ಪ ಚೀಲದ ಕೆಳಗಿನಿಂದ ಅಪ್ಪನ ಕಡೆ ಕಣ್ಣು ಹೊರಳಿಸಿದ. ಬಸವಣ್ಣನ ಹೆಸರು ಹೇಳಿ ದಿನಕ್ಕೆ ಎರಡು ಸಲ ವಿಭೂತಿ ಹಚ್ಚುವ ಮನೆತನ ಅವರದು. ಆ ಮನೆತನದವರು ಒಬ್ಬರೂ ಆ ಬಾಗಿಲು ದಾಟಿದವರಲ್ಲ.

“ನನ್ನ ಮಾರಿ ಏನ ನೋಡ್ತೀಯೋ!” ಎಂದು ಸೋಮಪ್ಪ ಚೀರಿದ. “ನಡಿ ಒಳಗ! ತಲಿ ಬಗ್ಗಸು!”

ದುಂಡಪ್ಪ ಮೊಣಕಾಲೂರಿ, ಚೀಲ ತಬ್ಬಿಕೊಂಡು, ಒಳಗೆ ನುಸುಳಿದ. ಕತ್ತಲಲ್ಲಿ ಚೀಲ ಧೊಪ್ಪೆಂದು ಬಿದ್ದ ಸದ್ದಾಯಿತು. ಸೋಮಪ್ಪ, ಮುಗಿಯಿತೆಂದು ಪಟಗಾ ಸರಿಮಾಡಿಕೊಂಡು ಕಣದ ಕಡೆ ತಿರುಗಿದ.

“ನೀವೂ ಬರ್ರಿ,” ಎಂದಳು ರಾಯವ್ವ. “ಸಹಿ ನಿಮ್ದಂತಲ್ರಿ.”

ಸೋಮಪ್ಪ ಅವಳನ್ನು ನೋಡಿದ, ಉದ್ದಪ್ಪನನ್ನು ನೋಡಿದ, ಅರ್ಧ ಊರನ್ನು ನೋಡಿದ. ಬೈಯಲು ಒಬ್ಬರೂ ಸಿಗಲಿಲ್ಲ. ದಡದಡ ನಡೆದು ಬಂದು ಬಾಗಿಲಲ್ಲಿ ಬಗ್ಗಿದ. ಸಾಕಷ್ಟು ಬಗ್ಗಲಿಲ್ಲ. ಮೇಲಿನ ಕಟ್ಟಿಗೆ ಹಣೆಗೆ ಬಡಿದು ಪಟಗಾ ಅಂಗಳಕ್ಕೆ ಉರುಳಿತು.

“ಥೂ ಇದರವ್ವನ! ಬಾಗಲಾ ಇಷ್ಟು ಗಿಡ್ಡ ಯಾಕ ಇಟ್ಟೀರಿ?”

“ನೀವು ಬರೂದು ಗೊತ್ತಿದ್ದಿಲ್ರಿ,” ಎಂದಳು ರಾಯವ್ವ.